ತಾತನ ಕಾಲಿನ ಗುಂಡು

ಹಲ್ಲುನೋವಿನ ಡ್ರೈವರ್ ಒಬ್ಬ ಕೆನ್ನೆ ಹಿಡಿದು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಒಬ್ಬ ಅಜ್ಜಿ, ಮೊಮ್ಮಗಳು; ಅವರ ಮಾತು ಅವನ ಕಿವಿಗೆ ಬೀಳುತ್ತಿತ್ತು.

“ಅಜ್ಜಿ, ಯುದ್ಧದಲ್ಲಿ ತಾತನ ಕಾಲಿಗೆ ಗುಂಡು ಬಿದ್ದಾಗ ನೀನು ತುಂಬಾ ಅತ್ತಿದ್ಯಾ?”

“ಯಾವ ಗುಂಡು? ಯುದ್ಧದಿಂದ ನೆಟ್ಟಗೇ ಬಂದ್ರು. ನಮ್ಮನೆ ಗಂಡಸರೆಲ್ಲ ಅಲ್ಲಿದ್ದಾಗ ಹೊಲ, ಹಸು ಎಲ್ಲಾ ನನ್ನ ತಲೆ ಮೇಲೇ. ಯುದ್ಧ ಮುಗಿಸಿ ನಿಮ್ಮ ತಾತ ನನ್ನ ಹೆಣ್ಣು ನೋಡೋಕೆ ಬಂದಾಗಲೂ ಹಾಲು ಕರೀತಿದ್ದೆ. ‘ಏಳು, ನಾನು ಕರೀತೀನಿ’ ಅಂತ, ಕೊಟ್ಟಿಗೆಯಲ್ಲೇ ಬೆಳೆದ ನನಗೇ ಜಂಬ ತೋರಿಸಿದ್ರು. ಹಸು ಅವರ ಕಾಲಿಗೆ ಝಾಡಿಸಿ ಒದೀತು.”

“ಆಮೇಲೆ?”

“ಕುಂಟನಿಗೆ ಯಾರು ಹೆಣ್ಣು ಕೊಡ್ತಾರೆ? ಒದ್ದಿದ್ದು ನಮ್ಮನೆ ಹಸು. ನಾನೇ ಕಟ್ಕೊಂಡೆ.”

ಅಷ್ಟರಲ್ಲಿ ತಾತ ಕುಂಟುತ್ತಾ ಒಳಗಿನಿಂದ ಬಂದರು. “ಚಳಿಗೆ ಆ ಗುಂಡು ಈಗಲೂ ಚುಚ್ಚುತ್ತೆ ಕಣಮ್ಮ,” ಎಂದು ನರ್ಸಿಗೆ ಹೇಳುತ್ತಿದ್ದರು.

ಅಜ್ಜಿ ಹೆಗಲು ಕೊಟ್ಟು, ಬಾಗಿಲ ಕಡೆ ನಡೆಸುತ್ತಾ ಗೊಣಗಿದರು: “ಹ್ಞೂಂ, ಬನ್ನಿ. ಎರಡು ಹೊತ್ತೂ ಹಾಲು ಕೊಡ್ತಿದ್ದ ಗುಂಡು!”