ವಾರ್ಡು ಹಸಿರಾದದ್ದು ಹೀಗೆ

...ಇಲ್ಲ ಅಕ್ಕ, ಗಾಳಿಸುದ್ದಿ ಅಲ್ಲ. ನಾನೇ ಆ ಮೀಟಿಂಗಲ್ಲಿ ಕೂತಿದ್ದೆ, ಅಲ್ಲಿಂದ ಸೀದಾ ಇಲ್ಲಿಗೇ ಬಂದೆ. ಒಂದನೇ ತಾರೀಖಿಂದ, ವಾರ್ಡಿಗೆಲ್ಲ ಬಿಟ್ಟಿ ಊಟ ಹಾಕೋ ಈ ಅಡುಗೆಮನೆ ಇಲ್ಲಿರಲ್ಲ. ಈ ಒಲೆ, ಈ ಹಂಡೆ, ಆ ಉದ್ದ ಬೆಂಚುಗಳು, ಎಲ್ಲಾ ಲಾರಿಗೆ ಹೇರಿಕೊಂಡು ರೈಲ್ವೆ ಹಳಿ ಆಚೆ, ಗೋಡೌನ್ ಕಡೆಗೆ ಸಾಗಿಸ್ತಾರಂತೆ. ಅಲ್ಲಿ ಈಗ ಕೆಂಪು ಜಾಸ್ತಿ. ನಮ್ಮದು... ನಮ್ಮದು ಹಸಿರಾಗಿದೆ.

ಸ್ವಲ್ಪ ಆ ಹಂಡೆ ಉಜ್ಜೋದು ನಿಲ್ಲಿಸ್ತೀಯಾ? ಆ ಸದ್ದಲ್ಲಿ ನನ್ನ ಮಾತು ನನಗೇ ಕೇಳಿಸ್ತಿಲ್ಲ... ಆಯ್ತು ಬಿಡು, ಉಜ್ಜು. ನಾನೇ ಗಟ್ಟಿಯಾಗಿ ಹೇಳ್ತೀನಿ. ಈ ಚೀಲ ಇಲ್ಲಿಟ್ಟು ಒಂದು ನಿಮಿಷ ಕೂತ್ಕೋತೀನಿ. ಬೆಳಿಗ್ಗೆಯಿಂದ ಈ ಕಾಲು ನನ್ನದೇ ಅನ್ನಿಸ್ತಿಲ್ಲ.

ಊಟ ಬೇಡ. ಬೇಡ ಅಂದ್ನಲ್ಲ, ತಟ್ಟೆ ಒಳಗಿಡು. ಮೀಟಿಂಗಲ್ಲೇ ಎಲ್ಲರಿಗೂ ಒಂದೊಂದು ಡಬ್ಬಿ ಕೊಟ್ಟಿದ್ರು. ಹಸಿವಿನ ಬಗ್ಗೆ ಮೀಟಿಂಗು, ಅರ್ಧಕ್ಕರ್ಧ ಡಬ್ಬಿ ಮುಚ್ಚಳ ಕೂಡ ತೆಗೀದೆ ಬುಟ್ಟಿಗೆ ಹೋಯ್ತು. ನಿನ್ನ ಕಣ್ಣಿಗೆ ಬಿದ್ದಿದ್ರೆ ಅವರ ಚರ್ಮ ಸುಲೀತಿದ್ದೆ.

ನೀನು ಆ ನಕ್ಷೆ ನೋಡಿಲ್ಲ ಅಲ್ವ? ಒಂದು ಗೋಡೆಯಷ್ಟಗಲ ಪರದೆ. ಬೀದಿ ಬೀದಿ, ಮನೆ ಮನೆ ಕಾಣುತ್ತೆ. ಒಂದೊಂದು ಮನೆಗೂ ಒಂದೊಂದು ಚುಕ್ಕಿ, ಊಟಕ್ಕಿಲ್ಲದ ಮನೆಗೆ ಕೆಂಪು, ಉಂಡ ಮನೆಗೆ ಹಸಿರು. ಹೆಸರು ಹಾಕಲ್ಲ, ನಂಬರ್ ಅಷ್ಟೇ. ಆದ್ರೆ ಬೀದಿ ಗೊತ್ತಿರೋರಿಗೆ ಚುಕ್ಕಿ ಯಾರದು ಅಂತ ಗೊತ್ತಾಗಲ್ವ? ಮೊದಲ ಸಲ ಅದನ್ನ ತೋರಿಸಿದಾಗ ನಮ್ಮ ವಾರ್ಡು ಹೇಗಿತ್ತು ಗೊತ್ತಾ... ಮಗುವಿನ ಮೈಮೇಲೆ ದಡಾರ ಎದ್ದ ಹಾಗೆ. ನಾನು ಈ ಬೀದೀಲೇ ಹುಟ್ಟಿ ಬೆಳೆದೋಳು, ನನಗೇ ಗೊತ್ತಿರ್ಲಿಲ್ಲ ಇಷ್ಟು ಮನೇಲಿ ಒಲೆ ತಣ್ಣಗಿದೆ ಅಂತ. ಎಲ್ಲರೂ ಬಾಗಿಲು ಹಾಕ್ಕೊಂಡೇ ಹಸೀತಾರಲ್ಲ.

ಅದಕ್ಕೆ ಮುಂಚೆ ಏನಿತ್ತು ಅಂದ್ರೆ, ಕ್ಲಿನಿಕ್ಕಿನೋರು ಮಕ್ಕಳ ತೂಕ ಬರ್ಕೊಂಡು ತಮ್ಮ ಬೀರೂಲಿ ಇಟ್ಕೋತಿದ್ರು. ಶಾಲೆಯೋರು ಯಾವ ಮಗು ಸೋಮವಾರ ಪ್ರಾರ್ಥನೆ ಹೊತ್ತಲ್ಲಿ ಬವಳಿ ಬಂದು ಬಿತ್ತು ಅಂತ ಬರ್ಕೊಂಡು ತಮ್ಮ ಬೀರೂಲಿ ಇಟ್ಕೋತಿದ್ರು. ಒಬ್ಬರದ್ದು ಒಬ್ಬರು ನೋಡೋ ಹಾಗಿಲ್ಲ. ಈ ಅಡುಗೆಮನೆ ನಡೆಸೋ ನಮ್ಮ ಮೇಡಂ ಒಂದು ವರ್ಷ ಆಫೀಸಿಂದ ಆಫೀಸಿಗೆ ಅಲೆದು, ಇವರನ್ನ ಕಾಡಿ ಅವರನ್ನ ಬೇಡಿ, ಎಲ್ಲಾನೂ ಒಂದೇ ಕಡೆ ತರಿಸಿದ್ರು. ಅದರ ಮೇಲೆ ಮನೆಮನೆಗೆ ಹೋಗಿ ಕೇಳೋ ಸರ್ವೆ. ಅದು ಮಾಡೋಳು ನಾನು. ಆ ನಕ್ಷೆ ಇಲ್ಲದಿದ್ರೆ ಈ ಅಡುಗೆಮನೆ ನಮ್ಮ ಬೀದಿಗೆ ಬರ್ತಾನೇ ಇರ್ಲಿಲ್ಲ ಅಕ್ಕ. ನೀನು ಇನ್ನೂ ಆ ಹಾಸ್ಟೆಲ್ ಪಾತ್ರೆ ತಿಕ್ಕೊಂಡೇ ಇರ್ತಿದ್ದೆ. ಒಳ್ಳೇದು ಮಾಡಿದ್ದೂ ಅದೇ, ಅದನ್ನ ಹೇಳ್ತಿದೀನಿ.

ಇವತ್ತು ಅದೇ ಪರದೆ ಮೇಲೆ ಹಳೇ ನಕ್ಷೆ ಹಾಕಿದ್ರು, ಆಮೇಲೆ ಹೊಸದು ಹಾಕಿದ್ರು. ಕೆಂಪು ಹೋಗಿ ಹಸಿರು. ಇಡೀ ವಾರ್ಡು. ಎಲ್ಲರೂ ಚಪ್ಪಾಳೆ ತಟ್ಟಿದ್ರು. ಮೇಡಂ ನನ್ನನ್ನ ಎದ್ದು ನಿಲ್ಲಿಸಿ, ಇವಳು ಎಂಟು ತಿಂಗಳಿಂದ ಒಂದು ವಾರ ತಪ್ಪಿಸದೆ ಸರ್ವೆ ಮಾಡಿದ್ದಾಳೆ, ಗೋಡೌನ್ ಕಡೆಗೂ ಇವಳನ್ನೇ ಹಾಕೋಣ ಅಂದ್ರು. ನಾನು ನಿಂತೆ, ಕೈ ಮುಗಿದೆ, ಕೂತೆ. ಮೇಡಂ ಕೆಟ್ಟೋರಲ್ಲ ಅಕ್ಕ. ಅವರ ಹತ್ರ ಇರೋದೇ ಎರಡು ಅಡುಗೆಮನೆ. ಎಲ್ಲಿ ಕೆಂಪಿದೆಯೋ ಅಲ್ಲಿಗೆ ಕಳಿಸ್ಬೇಕು, ಇನ್ನೇನು ಮಾಡ್ತಾರೆ?

ಒಂದು ಸಣ್ಣ ತಕರಾರು ಬಂತು. ನಿನ್ನೆ ಕ್ಲಿನಿಕ್ಕಿಂದ ಹೊಸ ತೂಕದ ಪಟ್ಟಿ ಬಂದಿತ್ತು. ಅದು ಮೂರು ತಿಂಗಳಿಗೆ ಒಂದ್ಸಲ ಬರೋದು, ಸರ್ವೆಯಾದ್ರೆ ವಾರವಾರ. ಅದಕ್ಕೆ ನಕ್ಷೆ ಜಾಸ್ತಿ ನಂಬೋದು ಸರ್ವೇನೇ. ಆದ್ರೂ ಆ ತೂಕ ಸೇರಿಸಿದ ಮೇಲೆ, ಹಸಿರು ಚುಕ್ಕಿಗಳ ಸುತ್ತ ಒಂದು ತೆಳ್ಳಗಿನ ಕೆಂಪು ಅಂಚು ಬಂದಿತ್ತು. ಎಲ್ಲದಕ್ಕೂ ಅಲ್ಲ, ಸುಮಾರಕ್ಕೆ. ಇದೇನು ಅಂತ ಮೇಡಂ ಕೇಳಿದ್ರು. ಕಂಪ್ಯೂಟರ್ ನೋಡ್ಕೊಳ್ಳೋನು, ಕ್ಲಿನಿಕ್ಕಿನ ತಕ್ಕಡಿ ಹಳೇದಿರ್ಬೇಕು, ಕಡಿಮೆ ತೋರಿಸ್ತಿದೆ ಅಂದ.

ಯಾಕೆ ನಗ್ತಿದ್ದೀಯ?

ಅವನು ಹೇಳಿದ್ದು ಹೇಳ್ದೆ ನಾನು. ತಕ್ಕಡಿ ಕೆಡಲ್ವ? ಕೆಡುತ್ತೆ.

ಇಲ್ಲ, ಆ ನಗು ನನಗೆ ಗೊತ್ತು. ಚಿಕ್ಕವಳಿದ್ದಾಗ ನಾನು ಸುಳ್ಳು ಹೇಳಿದ್ರೆ ನೀನು ಹೀಗೇ ನಗ್ತಿದ್ದೆ. ಬಯ್ಯೋದಾದ್ರೆ ಬಯ್ಯಿ, ಹಾಗೆ ಮೂತಿ ತಿರುಗಿಸಿ ನಗಬೇಡ.

ಜನರ ತಪ್ಪೂ ಇದೆ ಅಕ್ಕ. ನೀನೇ ನೋಡಿದ್ದೀಯಲ್ಲ. ಆ ಬೀಗದಜ್ಜ, ಮೂಲೇಲಿ ಕೂತು ಬೀಗ ರಿಪೇರಿ ಮಾಡ್ತಾನಲ್ಲ, ದಿನಾ ನಿನ್ನ ಹತ್ರ ಬಂದು ಉಣ್ತಾನೆ. ಎರಡನೇ ಸಲ ಬಡಿಸೋಕೆ ಹೋದ್ರೆ ತಟ್ಟೆ ಮೇಲೆ ಕೈ ಅಡ್ಡ ಹಿಡೀತಾನೆ. ಸಾಕಮ್ಮ, ಹೊಟ್ಟೆ ಬಿರೀತಿದೆ ಅಂತಾನೆ. ಆಮೇಲೆ ನಲ್ಲಿ ಹತ್ರ ಹೋಗಿ ಎರಡು ಲೋಟ ನೀರು ಕುಡೀತಾನೆ. ಅಂಥೋನ ಬಾಗಿಲಿಗೆ ಹೋಗಿ, ಅಜ್ಜ, ಈ ವಾರ ನಿನ್ನ ಮನೇಲಿ ಊಟಕ್ಕೆ ಕಷ್ಟ ಆಯ್ತಾ ಅಂತ ಕೇಳಿದ್ರೆ ಏನು ಹೇಳ್ತಾನೆ? ಎಲ್ಲಾ ಚೆನ್ನಾಗಿದೆ ಅಂತಾನೆ. ನಾನು ಅದನ್ನೇ ಹಾಕ್ಬೇಕಲ್ವ? ಅವನು ಹೇಳಿದ್ದನ್ನ ಬಿಟ್ಟು ನನಗೆ ತೋಚಿದ್ದು ಹಾಕೋಕಾಗುತ್ತಾ?

ಹೂಂ. ಒಂದ್ಸಲ ನಿಜ ಹೇಳಿದ್ದ. ಮೊದಮೊದಲು. ಬೀಗದೊಳಗೆ ಕಡ್ಡಿ ಆಡಿಸ್ತಾ ತಲೆ ಎತ್ತದೇ ಹೇಳಿದ್ದ, ಭಾನುವಾರ ನಿಮ್ಮ ಅಡುಗೆಮನೆ ರಜೆ ಅಲ್ವೇನಮ್ಮ, ಅವತ್ತು ಮಲಗಿಬಿಡ್ತೀನಿ ಅಂತ. ಆಮೇಲೆ ಕೇಳಿದ... ವಾರವಾರ ಬಂದು ಕೇಳ್ಕೊಂಡು ಹೋಗ್ತೀಯಲ್ಲ, ನಿನಗೆ ಬೇಜಾರಾಗಲ್ವೇನಮ್ಮ ಅಂತ. ಅಷ್ಟೇ ಕೇಳಿದ್ದು. ಕೋಪ ಏನಿರ್ಲಿಲ್ಲ. ನನಗೆ ಮಾತ್ರ ಅವತ್ತು ಮನೆಗೆ ಹೋಗಿ ಚಪ್ಪಲಿ ಬಿಚ್ಚೋಕೂ ಕೈ ಬರ್ಲಿಲ್ಲ.

ದಿನಕ್ಕೆ ನಲವತ್ತು ಮನೆ ಅಕ್ಕ. ವಾರಕ್ಕೆ ಆರು ದಿನ. ಅದೇ ಬಾಗಿಲು, ಅದೇ ಪ್ರಶ್ನೆ. ಕೆಲವರು ಕಿಟಕಿಯಿಂದ ನನ್ನ ನೋಡಿ ಲೈಟ್ ಆರಿಸ್ತಿದ್ರು. ಆ ಇಸ್ತ್ರಿ ಅಂಗಡಿಯವಳು, ನನ್ನ ಜೊತೆ ಒಂದೇ ಬೆಂಚಲ್ಲಿ ಓದಿದೋಳು, ಮಕ್ಕಳ ಮುಂದೆ ಕೇಳಬೇಡ ಕಣೇ, ನಿನ್ನ ಕಾಲಿಗೆ ಬೀಳ್ತೀನಿ ಅಂದ್ಲು. ಹೊರಗೆ ಕರೆದು ಕೇಳ್ದೆ. ಹೊರಗೆ ಪಕ್ಕದ ಮನೆಯೋಳು ನಿಂತಿದ್ಲು.

ಅಕ್ಕ... ಒಂದು ಮಾತು ಕೇಳ್ತೀನಿ. ಅದಕ್ಕೇ ಬಂದಿದ್ದು ನಾನು. ಸುದ್ದಿ ಹೇಳೋಕೆ ಮಾತ್ರ ಬಂದಿದ್ದಲ್ಲ.

ಮೀಟಿಂಗಲ್ಲಿ ಆ ಕೆಂಪು ಅಂಚು ಏನು ಅಂತ ತೋರಿಸೋಕೆ ಆ ಕಂಪ್ಯೂಟರಿನೋನು ಒಂದು ಚುಕ್ಕಿ ಒತ್ತಿದ. ಸುಮ್ಮನೆ ಕೈಗೆ ಸಿಕ್ಕಿದ್ದು ಒತ್ತಿದ. ನೀರಿನ ಟ್ಯಾಂಕ್ ಹಿಂದಿನ ಓಣಿ, ಎಡಗಡೆ ಕೊನೇ ಮನೆ. ನಿಮ್ಮನೆ.

ಹೆಸರಿರ್ಲಿಲ್ಲ ಅಂದ್ನಲ್ಲ. ಅಲ್ಲಿ ಯಾರಿಗೂ ಗೊತ್ತಾಗ್ಲಿಲ್ಲ. ಹೆಣ್ಣು ಮಗು, ಮೂರು ವರ್ಷ, ನಿನ್ನ ಮೊಮ್ಮಗಳು. ಮೂರು ತಿಂಗಳಲ್ಲಿ ಏಳುನೂರು ಗ್ರಾಂ ಕಡಿಮೆ. ಬೆಳೆಯೋ ಮಗು, ಏರಬೇಕಾದ ತೂಕ ಇಳಿದಿದೆ. ಅದರ ಕೆಳಗೇ ಸರ್ವೆದು. ಮನೇಲಿ ಯಾರೂ ಊಟ ಬಿಟ್ಟಿಲ್ಲ, ಯಾರೂ ಊಟ ಬಿಟ್ಟಿಲ್ಲ, ಹನ್ನೆರಡು ವಾರದ್ದೂ ಸಾಲಾಗಿ. ಅದರ ಕೆಳಗೆ, ಕೇಳಿ ಬಂದೋಳು ಅಂತ ನನ್ನ ನಂಬರು.

ಮೇಡಂ ನನ್ನ ಕಡೆ ನೋಡಿದ್ರು. ತಕ್ಕಡಿಯದ್ದೇ ಇರ್ಬೇಕು ಅಲ್ವ ಅಂದ್ರು. ನಾನು, ಹೌದು ಮೇಡಂ, ಆ ತಕ್ಕಡಿ ಹಳೇದು, ನಾನೇ ನೋಡಿದೀನಿ ಅಂದೆ. ಆ ತಕ್ಕಡಿ ನಾನು ಕಣ್ಣಲ್ಲೂ ಕಂಡಿಲ್ಲ.

ಮಗೂಗೆ ಜ್ವರ ಬಂದಿತ್ತಾ? ಜ್ವರ ಬಂದ್ರೆ ಮಕ್ಕಳು ಇಳಿದುಹೋಗ್ತಾರಲ್ಲ. ಭೇದಿ ಆಗಿದ್ರೂ ಅಷ್ಟೇ, ವಾರದಲ್ಲಿ ಎಲುಬು ಕಾಣುತ್ತೆ. ಬಸ್ಸಲ್ಲಿ ಬರೋವಾಗ ಪೂರ್ತಿ ಅದೇ ಅಂದ್ಕೊಂಡು ಬಂದೆ, ಜ್ವರ ಬಂದಿರುತ್ತೆ, ಜ್ವರಾನೇ ಇರ್ಬೇಕು ಅಂತ. ಮಗೂಗೆ ಜ್ವರ ಬಂದಿರ್ಲಿ ಅಂತ ಬೇಡ್ಕೊಂಡೆ ಅಕ್ಕ ನಾನು, ನೋಡು ನನ್ನ ಗತಿ.

ಬಂದಿತ್ತಾ?

...ನಾನೇ ನಲ್ಲಿ ನಿಲ್ಲಿಸ್ದೆ. ಈಗ ಸದ್ದಿಲ್ಲ. ಈಗಾದ್ರೂ ಹೇಳು.

ಅಕ್ಕ.

...ಜ್ವರ ಬಂದಿರ್ಲಿಲ್ಲ ಅಂತೀಯ.

ಹಾಗೆ ನೋಡಬೇಡ. ನಿನ್ನ ಮಗನಿಗೆ ಫ್ಯಾಕ್ಟರಿಲಿ ಪಾಳಿ ನಿಲ್ಲಿಸಿದ್ದು ನನಗೆ ಗೊತ್ತಿತ್ತು. ಗೊತ್ತಿತ್ತು. ಆದ್ರೂ ಅಂದ್ಕೊಂಡೆ, ನಾನೂರು ಜನಕ್ಕೆ ಅಡುಗೆ ಮಾಡೋಳ ಮನೆ, ಅಲ್ಲಿ ಏನು ಕೊರತೆ ಇರುತ್ತೆ ಅಂತ. ನೀನು ಇಲ್ಲಿಂದ ಒಂದು ಹಿಡಿ ಮನೆಗೆ ಒಯ್ಯೋಳಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಳ ಹಿಡಿದದ್ದೂ ನಾಲ್ಕು ಜನರ ಊಟ ಅನ್ನೋಳು ನೀನು. ನಿನ್ನ ಸೊಸೆ ಮಗೂನ ಎತ್ಕೊಂಡು ಈ ಸಾಲಲ್ಲಿ ಬಂದು ನಿಲ್ಲೋಳೂ ಅಲ್ಲ. ಅತ್ತೆ ಬಡಿಸ್ತಿರೋ ಕಡೆ ಸೊಸೆ ತಟ್ಟೆ ಹಿಡ್ಕೊಂಡು... ಇಲ್ಲ, ಬರಲ್ಲ ಅವಳು.

ಅವಳನ್ನ ಕೇಳಿದ್ದೀಯ ಅಲ್ವ ನೀನು? ಸರ್ವೆಗೆ ಯಾರಾದ್ರೂ ಬಂದಿದ್ರಾ, ನಿನ್ನ ಚಿಕ್ಕಮ್ಮನ ಮಗಳು ನಾನು ಬಂದಿದ್ನಾ ಅಂತ. ಏನಂದ್ಲು?

...ಗೊತ್ತಿತ್ತು ನಿನಗೆ. ಎಷ್ಟು ದಿನದಿಂದ ಗೊತ್ತು? ಮೊದಲಿಂದಾನಾ? ದಿನಾ ಈ ದಾರೀಲಿ ಹೋಗೋವಾಗ ನನ್ನ ಕೂಗಿ ಕರೆದು ತಟ್ಟೆ ಹಾಕ್ತಿದ್ಯಲ್ಲ, ಅವಾಗೆಲ್ಲಾ ಗೊತ್ತಿತ್ತಾ?

ಹೂಂ. ಹೋಗಿಲ್ಲ ಅಕ್ಕ. ನಿಮ್ಮನೆಗೂ ಹೋಗಿಲ್ಲ, ಯಾರ ಮನೆಗೂ ಹೋಗಿಲ್ಲ. ಹನ್ನೆರಡು ವಾರ ಆಯ್ತು. ಬಸ್ ಸ್ಟಾಪಲ್ಲಿ ನೆರಳಿದೆಯಲ್ಲ, ಆ ಬೆಂಚ್ ಮೇಲೆ ಕೂತು ನಲವತ್ತೂ ಮನೆ ಫೋನಲ್ಲೇ ಮುಗಿಸ್ತಿದ್ದೆ. ಹೇಗೆ ಅಂದ್ರೆ... ಮನೇಲಿ ಯಾರಾದ್ರೂ ಊಟ ಬಿಟ್ರಾ ಅಂತ ಇರುತ್ತೆ. ‘ಹೌದು’ ಅಂತ ಒತ್ತಿದ್ರೆ ಇನ್ನೂ ಹನ್ನೊಂದು ಪ್ರಶ್ನೆ ಬರುತ್ತೆ. ಎಷ್ಟು ದಿನ, ಯಾವ ಹೊತ್ತು, ದೊಡ್ಡೋರಾ, ಮಕ್ಕಳಾ. ಕೊನೇಲಿ ಅಡುಗೆಮನೆ ಗೂಡಿನ ಫೋಟೋ. ಖಾಲಿ ಡಬ್ಬಗಳನ್ನ ಅವರ ಮುಂದೇನೇ ಒಂದೊಂದಾಗಿ ತೆಗೆಸಿ ಫೋಟೋ ಹಿಡೀಬೇಕು. ‘ಇಲ್ಲ’ ಅಂತ ಒತ್ತಿದ್ರೆ ಮುಗೀತು. ಮುಂದಿನ ಮನೆ.

ಮೊದಲ ದಿನ ಮೈ ಸರಿ ಇರ್ಲಿಲ್ಲ. ಒಂದು ದಿನ ಅಷ್ಟೇ ಅಂದ್ಕೊಂಡೆ. ಮರುದಿನ ಎದ್ದು ಚೀಲ ಹೆಗಲಿಗೆ ಹಾಕ್ಕೊಂಡೆ, ಮೊದಲ ಬಾಗಿಲವರೆಗೂ ಹೋದೆ. ಕೈ ಎತ್ತಿದೆ, ತಟ್ಟೋಕಾಗ್ಲಿಲ್ಲ. ವಾಪಸ್ ಬಂದೆ. ಕೆಟ್ಟ ಉದ್ದೇಶ ಏನೂ ಇರ್ಲಿಲ್ಲ ಅಕ್ಕ, ಸುಸ್ತು ಅಷ್ಟೇ. ಒಂದು ಬೆರಳಿನ ಕೆಲಸ. ಹೀಗೆ ಒತ್ತಿದ್ರೆ ಯಾರದೋ ಮನೆ ಒಲೆ ಹೊತ್ತಿಕೊಂಡ ಹಾಗೆ, ಚುಕ್ಕಿ ಹಸಿರಾಗ್ತಿತ್ತು. ನೋಡೋಕೂ ಚೆನ್ನಾಗಿತ್ತು.

ಅಮ್ಮ ಹೋದ ಮೇಲೆ ನಿಮ್ಮನೇಲಿ ಬೆಳೆದೋಳು ನಾನು. ನಿನ್ನ ತಟ್ಟೇಲಿ ಇದ್ದದ್ದನ್ನ ಅರ್ಧ ಮಾಡಿ ನನ್ನ ಕಡೆ ಸರಿಸ್ತಿದ್ದೆ. ನಿನಗೆ ಸಾಕಾ ಅಂತ ನಾನು ಒಂದು ದಿನಾನೂ ಕೇಳಿರ್ಲಿಲ್ಲ, ಚಿಕ್ಕವಳು ಅವಾಗ. ಈಗ ಕೇಳೋದೇ ಕೆಲಸ ಅಂತ ಕೊಟ್ರು...

ಏನಾದ್ರೂ ಅನ್ನು. ಕೆನ್ನೆಗೆ ಒಂದು ಬಿಡು.

ಮೇಡಂಗೆ ಫೋನ್ ಮಾಡ್ತೀನಿ. ಈಗಲೇ ಮಾಡ್ಬೇಕು ಅಂತ ಬಸ್ಸಲ್ಲೇ ನಂಬರ್ ತೆಗೆದು ಇಟ್ಕೊಂಡೆ, ಒತ್ತಲಿಲ್ಲ. ಹೇಳಿದ್ರೆ ಈ ಕೆಲಸ ಇರಲ್ಲ, ಅದು ಹೋದ್ರೆ ಹೋಗ್ಲಿ. ಅವರು ಒಂದು ವರ್ಷ ಅಲೆದು ಕಟ್ಟಿದ ನಕ್ಷೇನ ಇನ್ಮೇಲೆ ಯಾರು ನಂಬ್ತಾರೆ? ನಾಳೆ ಗೋಡೌನ್ ಕಡೆಯೋರ ಕೆಂಪನ್ನೂ ಸುಳ್ಳು ಅಂದ್ರೆ? ಅಲ್ಲಿ ನಿಜವಾಗ್ಲೂ ಹಸಿದೋರಿದ್ದಾರೆ ಅಕ್ಕ. ಇಲ್ಲೂ ಇದ್ದಾರೆ. ಲಾರಿ ಬರೋಕೆ ಇನ್ನು ನಾಲ್ಕು ದಿನ ಇದೆ. ನಾಲ್ಕು ದಿನದಲ್ಲಿ ಎಷ್ಟು ಬಾಗಿಲು ತಟ್ಟೋಕಾಗುತ್ತೋ ಅಷ್ಟು ತಟ್ಟಿ, ಅದನ್ನ ಹಿಡ್ಕೊಂಡೇ ಹೋಗಿ ಅವರ ಮುಂದೆ ನಿಲ್ತೀನಿ. ಉಳಿಸ್ತಾರೋ ಬಿಡ್ತಾರೋ ಗೊತ್ತಿಲ್ಲ. ಎಲ್ಲಿಂದ ಶುರು ಮಾಡ್ಲಿ ಅಂತ...

ಕೂತ್ಕೊಂಡ್ಯಾ. ಇನ್ನೂ ಸ್ವಲ್ಪ ಈ ಕಡೆ ಬಾ, ಅಲ್ಲಿ ಒದ್ದೆ ಇದೆ. ಕೈ ಒರಸ್ಕೋ.

ಸರಿ. ಕಳೆದ ಏಳು ದಿನದಲ್ಲಿ, ಅಕ್ಕ, ನಿಮ್ಮ ಮನೇಲಿ, ಏನೂ ಇಲ್ಲ ಅನ್ನೋ ಕಾರಣಕ್ಕೆ, ಯಾರಾದ್ರೂ ಒಂದು ಹೊತ್ತಿನ ಊಟ ಬಿಟ್ಟಿದ್ದುಂಟಾ?

...

ಆಗ್ಲಿ. ಅತ್ತು ಮುಗಿಸು. ನೀನು ಬಾಯಿಬಿಟ್ಟು ಹೇಳೋ ತನಕ ನಾನು ಏನೂ ಒತ್ತಲ್ಲ.