ಸುಂಕದ ದೊಡ್ಡಿಯಲ್ಲಿ ಮರಿ ಹಾಕಿದ ಕತ್ತೆ

ಹೂಂಗುಟ್ಟುವವರು ಮುಂದೆ ಬನ್ನಿ, ತೂಕಡಿಸುವವರು ಗೋಡೆಗೆ ಒರಗಿ. ಹೇಳುವುದು ನನ್ನ ಕೆಲಸ, ಹೂಂ ಅನ್ನುವುದು ನಿಮ್ಮ ಕೆಲಸ. ಇಬ್ಬರಲ್ಲಿ ಒಬ್ಬರು ತಪ್ಪಿದರೂ ಕತೆ ನಡುದಾರಿಯಲ್ಲಿ ಕೂತುಬಿಡುತ್ತದೆ.

ಯಾವುದೋ ಒಂದು ಸೀಮೆ. ಹೆಸರು ಕೇಳಬೇಡಿ. ಹೇಳಿದರೆ ಅಲ್ಲಿಯವರು ಬಂದು ನನ್ನ ಹತ್ತಿರ ಜಗಳ ತೆಗೆಯುತ್ತಾರೆ. ಆ ಸೀಮೆಗೂ ಪಕ್ಕದ ಸೀಮೆಗೂ ನಡುವೆ ಒಂದು ಹೊಳೆ. ಈ ದಂಡೆಗೊಬ್ಬ ರಾಜ, ಆ ದಂಡೆಗೊಬ್ಬ ರಾಜ. ಹೊಳೆಗೆ ಮಾತ್ರ ರಾಜ ಇರಲಿಲ್ಲ. ಅದು ತನ್ನ ಪಾಡಿಗೆ ಹರಿಯುತ್ತಿತ್ತು.

ಈ ದಂಡೆಯ ಒಂದು ಊರಲ್ಲಿ ಕುಂಬಾರರ ಭರಮವ್ವ ಅಂತ ಒಬ್ಬ ಹೆಂಗಸು. ಅವಳ ಗಂಡ ಕಲ್ಲಪ್ಪ. ಮಡಕೆ ಮಾಡುವ ತಿಗರಿ ಮುಂದೆ ಕೂತರೆ ಏಳುವ ಪೈಕಿ ಅಲ್ಲ, ಅಂಥ ಕೆಲಸಗಾರ. ಆದರೆ ಹಿಂದಿನ ವರ್ಷ ಈ ದಂಡೆಯ ಕತ್ತೆಗಳಿಗೆಲ್ಲ ರೋಗ ಬಂತು. ಇವರ ಕತ್ತೆಯೂ ಹೋಯಿತು. ಕತ್ತೆ ಹೋದ ಮೇಲೆ ಕೆರೆಯಿಂದ ಮಣ್ಣು ಹೊರುವವರು ಯಾರು? ಕಲ್ಲಪ್ಪ ಹೊತ್ತ. ಒಂದು ತಿಂಗಳು ಹೊತ್ತ, ಎರಡು ತಿಂಗಳು ಹೊತ್ತ, ಮೂರನೇ ತಿಂಗಳು ಸೊಂಟ ಹಿಡಿದುಕೊಂಡು ಮಲಗಿದ.

ಕೇಳಿ. ಕೆರೆಯ ಮಣ್ಣು ಅಂದರೆ ಬೇಸಿಗೆಯಲ್ಲಿ ತರುವಂಥದ್ದು. ಮುಂಗಾರಿನ ಮಿರಗದ ಮಳೆ ಬಿದ್ದು ಕೆರೆ ತುಂಬಿದರೆ ಮಣ್ಣೆಲ್ಲ ನೀರಿನ ಅಡಿಗೆ. ಆಮೇಲೆ ಮುಂದಿನ ಬೇಸಿಗೆಯವರೆಗೆ ತಿಗರಿಯ ಮೇಲೆ ಬೆಕ್ಕು ಮಲಗಬೇಕು, ಅಷ್ಟೇ. ಮಡಕೆ ಕೊಟ್ಟು ಕಾಳು ತರುವ ಮನೆ ಅದು. ಮಣ್ಣಿಲ್ಲ ಅಂದರೆ ಕಾಳಿಲ್ಲ.

ಆ ದಂಡೆಯಲ್ಲಿ ಕತ್ತೆಗಳಿವೆ ಅಂತ ಭರಮವ್ವ ಕೇಳಿದ್ದಳು. ಮನೆಯಲ್ಲಿ ಉಳಿದಿದ್ದ ಮೂವತ್ತು ಗುಡಾಣಗಳನ್ನು ಪಕ್ಕದ ಮನೆಯವರ ಬಂಡಿಗೆ ಹೇರಿಸಿಕೊಂಡು, ಒಡೆಯದ ಹಾಗೆ ನಡುವೆ ಹುಲ್ಲು ಒತ್ತಿಕೊಂಡು, ಹೊಳೆಗೆ ಬಂದಳು.

ಹೊಳೆಯ ದಂಡೆಯಲ್ಲಿ ಸುಂಕದ ಕಟ್ಟೆ. ಹೊರಗೆ ಹೋಗುವ ಸರಕಿಗೆ ಅಲ್ಲಿ ಮೂರು ಪ್ರಶ್ನೆ. ಏನು, ಎಷ್ಟು, ಎಲ್ಲಿಗೆ. ಗುಡಾಣ, ಮೂವತ್ತು, ಆಚೆ ದಂಡೆಗೆ. ಬಾಗಿಲು ಕಾಯುವ ಯಮನೂರಪ್ಪ ಒಂದೊಂದೇ ಗುಡಾಣವನ್ನು ಬೆರಳಿಂದ ತಟ್ಟಿ, ಒಳಗೆ ಇಣುಕಿ, ಬಿಟ್ಟ. ಮಧ್ಯಾಹ್ನದೊಳಗೆ ಭರಮವ್ವ ಹರಗೋಲಿನಲ್ಲಿದ್ದಳು. ಸುಂಕದ ಕಟ್ಟೆ ಅಂದರೆ ಇಷ್ಟೇನಾ ಅಂದುಕೊಂಡಳು. ಹೋಗುವವರೆಲ್ಲ ಹಾಗೇ ಅಂದುಕೊಳ್ಳುತ್ತಾರೆ.

ಆಚೆ ದಂಡೆಯಲ್ಲಿ ಐದು ದಿನ ತಿರುಗಿದಳು. ಕೊನೆಗೆ ಮೂವತ್ತು ಗುಡಾಣಕ್ಕೆ ಒಂದು ಹೆಣ್ಣುಕತ್ತೆ ಸಿಕ್ಕಿತು. ಬೂದು ಬಣ್ಣ, ಗಟ್ಟಿ ಕಾಲು, ಸಾಧು ಸ್ವಭಾವ. ಹೊಟ್ಟೆ ಸ್ವಲ್ಪ ದೊಡ್ಡದು. ಇವಳ ಮನೆಯಲ್ಲಿ ಇದ್ದದ್ದೆಲ್ಲ ಗಂಡುಕತ್ತೆ, ಅವಳಿಗೆ ಅನುಮಾನ ಬರಲಿಲ್ಲ. ಚೆನ್ನಾಗಿ ತಿನ್ನುವ ಕತ್ತೆ ಅಂತ ಮಾರಿದವನು ಹೇಳಿದ. ಅವನು ಸುಳ್ಳು ಹೇಳಲಿಲ್ಲ. ಪೂರ್ತಿ ಹೇಳಲಿಲ್ಲ.

ಕತ್ತೆಯನ್ನು ದೊಡ್ಡ ಹರಗೋಲಿಗೆ ಹತ್ತಿಸಿಕೊಂಡು ಭರಮವ್ವ ಈ ದಂಡೆಗೆ ಬಂದಳು. ಆಗ ಗೊತ್ತಾಯಿತು ಅವಳಿಗೆ, ಹೋಗುವುದು ಬೇರೆ, ಬರುವುದು ಬೇರೆ.

ಕಟ್ಟೆಯ ಎದುರಿನ ಹುಣಸೆ ಮರದ ಕೆಳಗೆ ಮೋದಿನಜ್ಜ ಅಂತ ಒಬ್ಬ ಮುದುಕ ಕೂರುತ್ತಿದ್ದ. ಓದು ಬರಹ ಬಾರದವರಿಗೆ ಸರಕಿನ ಪತ್ರ ಬರೆದುಕೊಡುವುದು ಅವನ ಕಸುಬು. ಪತ್ರ ಇಲ್ಲದೆ ಕಟ್ಟೆಯೊಳಗೆ ಸೂಜಿಯೂ ಹೋಗುವಂತಿಲ್ಲ ಅಂತ ಅವನು ಭರಮವ್ವನಿಗೆ ತಿಳಿಸಿ ಹೇಳಿದ. ಆಮೇಲೆ ಕತ್ತೆಯ ಸುತ್ತ ಒಂದು ಸುತ್ತು ಬಂದು ಬರೆದ. ಹೆಣ್ಣುಕತ್ತೆ, ಒಂದು. ಬಣ್ಣ, ಬೂದು. ಎಡಗಿವಿಯ ತುದಿ ಹರಿದಿದೆ.

"ನೋಡ್ ತಂಗಿ, ಪತ್ರದಾಗ ಏನೈತೋ ಅದs ಒಳಗಿರಬೇಕು. ಒಳಗ ಏನೈತೋ ಅದs ಪತ್ರದಾಗಿರಬೇಕು. ಈ ಕಟ್ಟೀಗೆ ಇದೊಂದs ಶಾಸ್ತ್ರ" ಅಂದ.

ಒಳಗೆ ಕೂತಿದ್ದವನು ಸುಂಕದ ಗುರುಪಾದಯ್ಯ. ತೆಳ್ಳಗಿನ ಆಳು, ಮೆಲ್ಲಗಿನ ಮಾತು. ಇಪ್ಪತ್ತು ವರ್ಷದಲ್ಲಿ ಯಾರ ಕೈಯಿಂದಲೂ ಒಂದು ಎಲೆ ಅಡಿಕೆ ಮುಟ್ಟಿದವನಲ್ಲ. ಲಂಚ ತಿನ್ನುವವನಾಗಿದ್ದರೆ ಈ ಕತೆ ಇಲ್ಲೇ ಮುಗಿಯುತ್ತಿತ್ತು, ನೀವೂ ಮನೆಗೆ ಹೋಗಬಹುದಿತ್ತು.

ಹತ್ತಲು ತಂದ ಕತ್ತೆಯೋ, ಮಾರಲು ತಂದದ್ದೋ, ಹೊರೆ ಹೊರಿಸಲು ತಂದದ್ದೋ ಅಂತ ಗುರುಪಾದಯ್ಯ ಕೇಳಿದ. ಒಂದೊಂದಕ್ಕೆ ಸುಂಕದ ಪುಸ್ತಕದಲ್ಲಿ ಒಂದೊಂದು ಕಲಮು, ಒಂದೊಂದು ಸುಂಕ. ಮಣ್ಣು ಹೊರಿಸಲು ಅಂದಳು ಭರಮವ್ವ. ಕಿಮ್ಮತ್ತು ಎಷ್ಟು ಅಂತ ಕೇಳಿದ. ಮೂವತ್ತು ಗುಡಾಣ ಅಂದಳು. ಮೂವತ್ತು ಗುಡಾಣದ ಕಿಮ್ಮತ್ತು ಎಷ್ಟು ಅಂತ ಕೇಳಿದ. ಒಂದು ಕತ್ತೆ ಅಂದಳು. ಗುರುಪಾದಯ್ಯ ನಗಲಿಲ್ಲ. ಹಳೆಯ ದಫ್ತರ ತೆಗೆಸಿ, ಹಿಂದೆ ಬಂದ ಕತ್ತೆಗಳಿಗೆ ಏನು ಕಿಮ್ಮತ್ತು ಕಟ್ಟಿದ್ದರು ಅಂತ ನೋಡಿ, ಅದನ್ನೇ ಬರೆದ. ಕೊನೆಗೆ, ಯಾವ ಸೀಮೆಯದು? ಆಚೆ ದಂಡೆಯದು. ಬರೆದ. ಭರಮವ್ವ ಸೆರಗಿನ ಗಂಟು ಬಿಚ್ಚಿ ಸುಂಕ ಕಟ್ಟಿದಳು.

ಮುಗಿಯಿತಾ? ಎಲ್ಲಿ ಮುಗಿಯಿತು! ರೋಗ ಬಂದು ಹೋದ ಸೀಮೆ ಈ ದಂಡೆಯದು. ಹೊರಗಿಂದ ಬಂದ ಯಾವ ಪ್ರಾಣಿಯೂ ಏಳು ದಿನ ಸುಂಕದ ದೊಡ್ಡಿಯಲ್ಲಿ ಇರಬೇಕು. ಕೆಮ್ಮಲಿಲ್ಲ, ಜೊಲ್ಲು ಸುರಿಸಲಿಲ್ಲ, ಬೀಳಲಿಲ್ಲ ಅಂದರೆ ಎಂಟನೇ ದಿನ ಬೆಳಿಗ್ಗೆ ಅದರ ಕೊರಳಿಗೆ ಮುದ್ರೆ. ಮುದ್ರೆ ಬಿದ್ದರೆ ಬಾಗಿಲು ತೆಗೆಯುತ್ತದೆ.

ಮಿರಗಕ್ಕೆ ಇನ್ನು ಹದಿನೆಂಟು ದಿನ ಇತ್ತು. ಊರಿಗೆ ಎರಡು ದಿನದ ದಾರಿ. ಭರಮವ್ವ ಬೆರಳು ಮಡಚಿ ಎಣಿಸಿ, ಆಗಲಿ ಅಂದಳು. ದೊಡ್ಡಿಯ ಗೋಡೆಯ ಪಕ್ಕ ಮೂರು ಕಲ್ಲು ಹೂಡಿ ಒಲೆ ಮಾಡಿಕೊಂಡಳು. ಹಗಲು ಹುಲ್ಲು ಕೊಯ್ದು ತಂದು ಕತ್ತೆಗೆ ಹಾಕುತ್ತಿದ್ದಳು. ಅದು ತಿನ್ನುವಾಗ ಕಲ್ಲಪ್ಪ ಗೋಡೆ ಹಿಡಿದು ಏಳುವುದು ಅವಳ ಕಣ್ಣ ಮುಂದೆ ಬರುತ್ತಿತ್ತು.

ಒಂದು ದಿನ ಆಯಿತು, ಕತ್ತೆ ಕೆಮ್ಮಲಿಲ್ಲ. ಎರಡು ದಿನ ಆಯಿತು, ಜೊಲ್ಲು ಸುರಿಸಲಿಲ್ಲ. ಮೂರು ದಿನ ಆಯಿತು, ಬೀಳಲಿಲ್ಲ. ಆರನೇ ದಿನ ನಸುಕಿನಲ್ಲಿ ಮರಿ ಹಾಕಿತು.

ಭರಮವ್ವ ಮೂರು ಹೆತ್ತವಳು. ನೋಡಿದ ಕೂಡಲೇ ಓಡಿಹೋಗಿ ಸೆರಗಿನಿಂದ ಮರಿಯ ಮೂಗು ಒರೆಸಿದಳು. ಮರಿ ಒದ್ದೆ ಒದ್ದೆ. ಮೈಗಿಂತ ಕಿವಿಯೇ ದೊಡ್ಡದು. ಎರಡು ಸಲ ಎದ್ದು ಬಿತ್ತು, ಮೂರನೇ ಸಲ ನಿಂತು ತಾಯಿಯ ಮೊಲೆ ಹುಡುಕಿತು. ಒಂದು ಕತ್ತೆ ತರಲು ಬಂದವಳಿಗೆ ಎರಡು ಸಿಕ್ಕಿದವು ಅಂತ ಅವಳಿಗೆ ಖುಷಿಯೋ ಖುಷಿ. ಆ ಖುಷಿ ಕಟ್ಟೆಯ ಬಾಗಿಲು ತೆಗೆಯುವವರೆಗೆ ಇತ್ತು.

ಗುರುಪಾದಯ್ಯ ಬಂದ. ಪತ್ರ ನೋಡಿದ, ದೊಡ್ಡಿ ನೋಡಿದ, ಮತ್ತೆ ಪತ್ರ ನೋಡಿದ.

"ಪತ್ರದಾಗ ಒಂದೈತಿ. ದೊಡ್ಡ್ಯಾಗ ಎರಡು ಅದಾವ" ಅಂದ.

ಗಬ್ಬ ಇರುವುದು ತನಗೆ ಗೊತ್ತಿರಲಿಲ್ಲ ಅಂತ ಭರಮವ್ವ ಹೇಳಿದಳು. ಗುರುಪಾದಯ್ಯ ಅದನ್ನು ನಂಬಿದ. ಆದರೆ ಗೊತ್ತಿಲ್ಲದೆ ತಂದರೂ ಪತ್ರದಲ್ಲಿ ಇಲ್ಲದ ಸರಕು ಪತ್ರದಲ್ಲಿ ಇಲ್ಲದ ಸರಕೇ. ಅಂಥದ್ದನ್ನು ಜಪ್ತಿ ಮಾಡಬೇಕು. ಜಪ್ತಿ ಅಂದರೆ ಮರಿ ಒಂದು ಕಡೆ, ತಾಯಿ ಒಂದು ಕಡೆ.

ಭರಮವ್ವ ಮಾತು ಬಿಡಲಿಲ್ಲ. ತಾನು ಇಡೀ ಕತ್ತೆಗೆ ಸುಂಕ ಕಟ್ಟಿದ್ದೇನೆ, ಹೊಟ್ಟೆ ಬಿಟ್ಟು ಕಟ್ಟಿಲ್ಲ, ಹೊಟ್ಟೆಯೊಳಗೆ ಇದ್ದದ್ದಕ್ಕೂ ಅದರಲ್ಲೇ ಸುಂಕ ಬಂತಲ್ಲ ಅಂದಳು. ಗುರುಪಾದಯ್ಯ ಯೋಚನೆ ಮಾಡಿದ. ಪುಸ್ತಕ ತೆಗೆದು ನೋಡಿದ. ಕೊಡಕ್ಕೆ ಬೇರೆ ಸುಂಕ, ಕೊಡದೊಳಗಿನ ತುಪ್ಪಕ್ಕೆ ಬೇರೆ ಸುಂಕ ಅಂತ ಅದರಲ್ಲಿತ್ತು. ಆಗುವುದಿಲ್ಲ ಅಂದ.

ಭರಮವ್ವ ಹೊರಗೆ ಹೋಗಿ ಒಲೆಯ ಹತ್ತಿರ ಕೂತಳು. ಮಧ್ಯಾಹ್ನ ಮತ್ತೆ ಬಂದಳು. ಮರಿ ಆಚೆ ದಂಡೆಯಿಂದ ಬಂದದ್ದೇ ಅಲ್ಲ, ಇಲ್ಲೇ ಹುಟ್ಟಿದ್ದು, ಇಲ್ಲಿ ಹುಟ್ಟಿದ್ದಕ್ಕೆ ಎಲ್ಲಿಯ ಸುಂಕ ಅಂದಳು. ಗುರುಪಾದಯ್ಯ ಮತ್ತೆ ಪುಸ್ತಕ ತೆಗೆದ.

"ದೊಡ್ಡಿ ಒಳಗಿರೋ ತನಕ ಸರಕು ಈ ಸೀಮಿಗೆ ಬಂದಂಗಲ್ಲ ನೋಡವಾ. ಆ ಸೀಮಿ ಬಿಟ್ಟೈತಿ, ಈ ಸೀಮಿ ಸೇರಿಲ್ಲ."

"ಹಂಗಾರ ನನ್ನ ಮರಿ ಯಾವ ಸೀಮ್ಯಾಗ ಹುಟ್ಟೇತ್ರೀ ಧಣ್ಯಾರ?"

ಗುರುಪಾದಯ್ಯ ಜಪ್ತಿಯ ಕಾಗದ ಎಳೆದುಕೊಂಡು ಬರೆಯಲು ಕೂತ. ಸರಕು, ಕತ್ತೆಮರಿ. ಎಷ್ಟು, ಒಂದು. ಯಾವ ಸೀಮೆಯದು? ಲೇಖನಿ ನಿಂತಿತು. ಮಸಿ ಒಣಗಿತು. ಅದ್ದಿದ, ಒಣಗಿತು. ಮತ್ತೆ ಅದ್ದಿದ, ಮತ್ತೆ ಒಣಗಿತು. ಆ ಕಡೆಯದು ಅಂದರೆ ಸುಳ್ಳು. ಈ ಕಡೆಯದು ಅಂದರೆ ಜಪ್ತಿ ಮಾಡುವಂತಿಲ್ಲ. ಕಾಗದದಲ್ಲಿ ಆ ಮನೆಯನ್ನು ಖಾಲಿ ಬಿಟ್ಟರೆ ಅದು ಕಾಗದವೇ ಅಲ್ಲ. ಇಪ್ಪತ್ತು ವರ್ಷದಲ್ಲಿ ಅವನು ಒಂದು ಮನೆಯನ್ನೂ ಖಾಲಿ ಬಿಟ್ಟವನಲ್ಲ.

ಕೊನೆಗೆ ರಾಜಧಾನಿಗೆ ಓಲೆ ಬರೆಯುತ್ತೇನೆ, ಅವರು ಹೇಳಿದ ಹಾಗೆ ಮಾಡೋಣ ಅಂದ. ಉತ್ತರ ಬರಲು ಎಷ್ಟು ದಿನ ಅಂತ ಭರಮವ್ವ ಕೇಳಿದಳು. ಬೇಗ ಬಂದರೆ ಒಂದೂವರೆ ತಿಂಗಳು ಅಂದ.

ಈಗ ಗಂಟು ಹೇಗೆ ಬಿತ್ತು, ಚೆನ್ನಾಗಿ ಕೇಳಿ. ನಾಡಿದ್ದು ಬೆಳಿಗ್ಗೆ ತಾಯಿಗೆ ಮುದ್ರೆ ಬೀಳುತ್ತದೆ. ಮುದ್ರೆ ಬಿದ್ದ ಸರಕು ಒಳಗೆ ಇರುವಂತಿಲ್ಲ. ಮರಿಗೆ ಮುದ್ರೆ ಇಲ್ಲ. ಮುದ್ರೆ ಇಲ್ಲದ ಸರಕು ಹೊರಗೆ ಹೋಗುವಂತಿಲ್ಲ. ತಾಯಿ ಒಳಗಿರುವ ಹಾಗಿಲ್ಲ, ಮರಿ ಹೊರಗೆ ಬರುವ ಹಾಗಿಲ್ಲ. ಎರಡು ದಿನದ ಮರಿ ಒಂದೂವರೆ ತಿಂಗಳು ಏನು ಕುಡಿದು ಬದುಕಬೇಕು?

ಆವತ್ತು ಸಂಜೆ ಭರಮವ್ವ ಅನ್ನಕ್ಕೆ ಎಸರಿಟ್ಟು ಅಕ್ಕಿ ಹಾಕಲು ಮರೆತಳು. ಮರಿಯನ್ನು ಬುಟ್ಟಿಯಲ್ಲಿಟ್ಟು ಮೇಲೆ ಹುಲ್ಲು ಮುಚ್ಚಿ ಹೊತ್ತುಕೊಂಡು ಹೋಗು ಅಂತ ಹರಗೋಲಿನವರು ಹೇಳಿಕೊಟ್ಟರು. ಬುಟ್ಟಿ ತಂದು ಅಳತೆಯನ್ನೂ ನೋಡಿದಳು. ಸಿಕ್ಕಿಬಿದ್ದರೆ ತಾಯಿಯೂ ಜಪ್ತಿ ಅಂದ ಮೋದಿನಜ್ಜ. ಬುಟ್ಟಿ ವಾಪಸ್ಸು ಕೊಟ್ಟಳು. ಮಾರನೆಯ ದಿನವೆಲ್ಲ ದೊಡ್ಡಿಯ ಗೋಡೆಗೆ ಗಲ್ಲ ಊರಿ ನಿಂತು, ಮರಿ ಹಾಲು ಕುಡಿಯುವುದನ್ನು ನೋಡಿದಳು. ತಾಯಿಯನ್ನು ಮಾತ್ರ ಕರೆದುಕೊಂಡು ಹೋದರೆ ಕಲ್ಲಪ್ಪನ ಸೊಂಟ ಉಳಿಯುತ್ತದೆ, ಈ ವರ್ಷದ ಕಾಳು ಉಳಿಯುತ್ತದೆ. ಅದೆಲ್ಲ ಅವಳಿಗೆ ಗೊತ್ತಿತ್ತು. ಕಾಲು ಮಾತ್ರ ಒಪ್ಪಲಿಲ್ಲ.

ಎಂಟನೇ ದಿನ ಬೆಳಿಗ್ಗೆ ಗುರುಪಾದಯ್ಯ ತಾಯಿಯ ಕೊರಳಿಗೆ ಮುದ್ರೆ ಕಟ್ಟಿದ. ಭರಮವ್ವ ಅವನ ಮುಂದೆ ನಿಂತಳು. ಈ ಸಲ ವಾದ ಮಾಡಲಿಲ್ಲ.

"ಧಣ್ಯಾರ, ನನಗ ಮಾತು ಮುಗದಾವ. ಇನ್ನ ನೀವs ಹೇಳ್ರಿ. ನಾ ಏನ್ ಮಾಡ್ಲಿ?"

ಗುರುಪಾದಯ್ಯ ಪುಸ್ತಕ ತೆಗೆದ. ಒಂದು ಕಡೆ ಬೆರಳಿಟ್ಟು, ಮಕ್ಕಳಿಗೆ ಪಾಠ ಓದುವ ಹಾಗೆ ಓದಿದ.

"ಮುದ್ರೆ ಇಲ್ಲದ ಸರಕನ್ನು ಯಾವ ಮನುಷ್ಯನೂ ಹೊತ್ತುಕೊಂಡು ಹೋಗತಕ್ಕದ್ದಲ್ಲ. ಎಳೆದುಕೊಂಡು ಹೋಗತಕ್ಕದ್ದಲ್ಲ. ಅಟ್ಟಿಕೊಂಡು ಹೋಗತಕ್ಕದ್ದಲ್ಲ. ಕರೆದುಕೊಂಡು ಹೋಗತಕ್ಕದ್ದಲ್ಲ."

ಮೊದಲ ಸಲ ಕೇಳಿದಾಗ ಭರಮವ್ವನಿಗೆ ಅಳು ಬಂತು. ಅವನು ಮತ್ತೊಂದು ಸಲ ಓದಿದ. ಓದುತ್ತಾ ಅವನು ನೋಡುತ್ತಿದ್ದದ್ದು ತನ್ನನ್ನಲ್ಲ, ಮರಿಯ ಕಾಲುಗಳನ್ನು ಅಂತ ಅವಳಿಗೆ ಕಂಡಿತು. ಮೂರನೇ ಸಲ ಓದಿದ. ಮೂರನೇ ಸಲಕ್ಕೆ ಅವಳು ಕಣ್ಣು ಒರೆಸಿಕೊಂಡಳು.

"ತಿಳೀತೇನವಾ?"

"ತಿಳೀತ್ರೀ."

ಭರಮವ್ವ ತಾಯಿಯ ಹಗ್ಗ ಹಿಡಿದಳು. ಮರಿಯ ಕಡೆ ನೋಡಲಿಲ್ಲ. ಯಮನೂರಪ್ಪ ಬಾಗಿಲು ತೆಗೆದ. ಅವಳು ಹೊರಗೆ ಕಾಲಿಟ್ಟಳು, ಕತ್ತೆ ಹೊರಗೆ ಕಾಲಿಟ್ಟಿತು. ಹತ್ತು ಹೆಜ್ಜೆ ಹೋದಳು. ಹಿಂದೆ ಸಣ್ಣ ಗೊರಸಿನ ಸದ್ದು ಕೇಳಿತು, ಆಮೇಲೆ ನಿಂತಿತು. ಮರಿ ಬಾಗಿಲ ಹತ್ತಿರ ನಿಂತು ಯಮನೂರಪ್ಪನ ಪಂಚೆ ಮೂಸುತ್ತಿತ್ತು. ತಿರುಗಿ ನೋಡಿದರೆ ಕರೆದ ಹಾಗಾಗುತ್ತದೋ ಏನೋ ಅಂತ ಭರಮವ್ವ ತಿರುಗಲಿಲ್ಲ. ಬಾಯಿ ಬಿಟ್ಟರೆ ಹೆಸರಿಲ್ಲದ ಮರಿಗೆ ಏನಾದರೂ ಹೆಸರು ಬಂದುಬಿಡುತ್ತದೆ ಅಂತ ಸೆರಗು ಕಚ್ಚಿಕೊಂಡಳು.

ಆಗ ತಾಯಿ ನಿಂತಿತು. ಕೊರಳು ಎತ್ತಿ ಅರಚಿತು. ಕತ್ತೆ ಅರಚುವುದು ನಿಮಗೆ ಗೊತ್ತಲ್ಲ, ಆಚೆ ದಂಡೆಗೂ ಕೇಳಿರಬೇಕು.

ಮರಿ ಪಂಚೆ ಬಿಟ್ಟು ನೆಗೆಯುತ್ತಾ ಹೊರಗೆ ಹೋಯಿತು.

ಯಮನೂರಪ್ಪ ಗಾಬರಿಯಾಗಿ ಗುರುಪಾದಯ್ಯನ ಹತ್ತಿರ ಓಡಿಬಂದ. ಕತ್ತೆ ಕರೆಯಿತಲ್ಲ, ಈಗ ಏನು ಮಾಡುವುದು ಅಂತ ಕೇಳಿದ. ಗುರುಪಾದಯ್ಯ ಪುಸ್ತಕವನ್ನು ಇನ್ನೊಂದು ಸಲ ನೋಡಿದ. ಯಾವ ಮನುಷ್ಯನೂ ಅಂತ ಇದೆ, ಕತ್ತೆಯ ಮಾತು ಇಲ್ಲಿಲ್ಲ ಅಂದ. ಬಾಗಿಲು ಹಾಕು ಅಂದ.

ಭರಮವ್ವ ಹುಣಸೆ ಮರ ದಾಟಿ, ಸುಂಕದ ಬೇಲಿಯ ತಿರುವು ದಾಟಿ, ಕಟ್ಟೆ ಮರೆಯಾದ ಮೇಲೆ ದಾರಿಯ ನಡುವೆಯೇ ಕೂತು ಮರಿಯನ್ನು ತಬ್ಬಿಕೊಂಡಳು. ಎರಡು ದಿನದ ದಾರಿಗೆ ನಾಲ್ಕು ದಿನ ಹಿಡಿಯಿತು. ಮರಿ ದಣಿದಾಗ ಅದನ್ನು ಹೆಗಲ ಮೇಲೆ ಹೊತ್ತಳು. ಬೇಲಿಯ ಈಚೆ ಹೊರಬಾರದು ಅಂತ ಯಾವ ಪುಸ್ತಕದಲ್ಲೂ ಇರಲಿಲ್ಲ. ಊರು ಸೇರಿದಾಗ ಮಿರಗಕ್ಕೆ ಇನ್ನೂ ಏಳು ದಿನ ಇತ್ತು. ಏಳು ದಿನವೂ ಮಣ್ಣು ಹೇರಿದರು.

ಅತ್ತ ಕಟ್ಟೆಯಲ್ಲಿ ಗುರುಪಾದಯ್ಯ ದಫ್ತರ ಬಿಚ್ಚಿದ. ಹೆಣ್ಣುಕತ್ತೆ, ಒಂದು, ಮುದ್ರೆ ಹಾಕಿ ಬಿಟ್ಟಿದೆ ಅಂತ ಬರೆದ. ಅದರ ಕೆಳಗೆ, ಕತ್ತೆಮರಿ, ಒಂದು ಅಂತ ಬರೆದ. ಹೇಗೆ ಹೋಯಿತು ಅನ್ನುವ ಮನೆ ಉಳಿದಿತ್ತು. ಅವನು ಯಾವ ಮನೆಯನ್ನೂ ಖಾಲಿ ಬಿಡುವವನಲ್ಲ. ಲೇಖನಿ ಅದ್ದಿ, ಮಸಿ ಒಣಗುವ ಮೊದಲೇ ಒಂದು ಮಾತು ಬರೆದ.

ನಡೆದು.

ಕತ್ತೆ ಊರು ಸೇರಿತು, ಕತೆ ಇಲ್ಲಿಗೆ ನಿಂತಿತು. ಹೂಂ ಅಂದವರಿಗೆ ಪುಣ್ಯ ಬರಲಿ. ನಿದ್ದೆ ಹೋದವರನ್ನು ಎಬ್ಬಿಸಿಕೊಂಡು ಮನೆಗೆ ನಡೆಯಿರಿ.