ಅಮಾವಾಸ್ಯೆಗೆ ಸುಮ್ಮನಾದ ಸೂರ್ಯ

ಆದವಾನಿಯ ಹಿರಿಯರೇ, ಆಲೂರು ಕಡೆಯಿಂದ ಬಂದ ಬಂಧುಗಳೇ, ಮುಂದಿನ ಸಾಲಿನಲ್ಲಿರುವ ತಾಯಿ ಶಂಕರಮ್ಮನವರೇ, ನಮ್ಮ ರೇಡಿಯೋ ಖಗೋಳ ಸಂಸ್ಥೆಯ ನಿರ್ದೇಶಕರೇ — ಎಲ್ಲರಿಗೂ ಈ ಮರಿಬಸಪ್ಪನ ನಮಸ್ಕಾರ. ಹೋದ ವಾರ ಜ್ವರದಲ್ಲಿ ತೀರಿಕೊಂಡ ವಿಜ್ಞಾನಿ ಭೀಮಲಿಂಗಪ್ಪನವರೂ ನಾನೂ ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡಿದವರು.

ಅವರ ಶ್ರದ್ಧಾಂಜಲಿ ಸಭೆಯಲ್ಲಿ ಸಂಸ್ಥೆಯ ಸಾಧನೆ ಕುರಿತು ಮಾತಾಡು ಅಂತ ನಿರ್ದೇಶಕರು ಹೇಳ್ಯಾರ. ಮಾತಾಡ್ತೀನಿ. ಆದರೆ ಬೆಳಿಗ್ಗೆ ಭೀಮಲಿಂಗಪ್ಪನವರ ಹೆಂಡತಿ ಶಂಕರಮ್ಮನವರನ್ನು ಕಾಣಲು ಹೋಗಿದ್ದೆ. ಅವರು ಅಂದರು — "ಹಾರ-ಗೀರ ಬ್ಯಾಡ್ರಿ. ನಮ್ಮ ಮನಿಯವರು ಹೇಳಿದ್ದು ಖರೆ ಇತ್ತಂತ ಎಲ್ಲರ ಮುಂದ ಒಂದು ಮಾತು ಹೇಳ್ರಿ. ಸಾಕು." ನನಗೆ ತಲೆ ಎತ್ತಲಿಕ್ಕೆ ಆಗಲಿಲ್ಲ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಊರಾಚೆ ಎರೆ ಹೊಲದಾಗ ಕಂಬ ನೆಟ್ಟು, ತಂತಿ ಬಿಗಿದು, ಸೂರ್ಯನಿಂದ ಬರುವ ರೇಡಿಯೋ ಸದ್ದು ಹಿಡಿಯುವುದು ನಮ್ಮ ಕೆಲಸ. ಎರಡು ವರ್ಷದ ಕೆಳಗೆ ಒಂದು ಸದ್ದು ಸಿಕ್ಕಿತು. ದಿನಾ ಹಗಲು ಬರ್ತಿತ್ತು. ಅಮಾವಾಸ್ಯೆಗೆ ಮಾತ್ರ — ಇಲ್ಲ! ನಾವು ಕುಣಿದಾಡಿಬಿಟ್ಟೆವು. ಅಮಾವಾಸ್ಯೆಗೆ ಚಂದ್ರ ಅಡ್ಡ ಬಂದು ಸೂರ್ಯನ ಸದ್ದು ತಡೀತಾನ ಅಂತ ಪ್ರಬಂಧ ಬರೆದೆವು. ವಿಲಾಯತಿ ಪತ್ರಿಕೆಯಲ್ಲಿ ಅಚ್ಚಾಯಿತು. ಇದೇ ಸಭಾಂಗಣದಲ್ಲಿ ನಮಗೆ ಶಾಲು ಹೊದಿಸಿದಿರಿ — ನೀವೇ, ಇದೇ ಊರಿನವರು.

ಭೀಮಲಿಂಗಪ್ಪ ಒಬ್ಬರೇ ಶಾಲು ಬೇಡ ಅಂದರು. ಅವರ ಬಾಯಿ ನಿಮಗೆ ಗೊತ್ತಲ್ಲ — ಮೇಜು ಗುದ್ದಿ ಮಾತಾಡೋ ಮನುಷ್ಯ. "ಏ ಮರಿಬಸಪ್ಪಾ, ಪ್ರತಿ ಅಮಾಸಿಗೂ ಗ್ರಹಣ ಹಿಡಿತೈತೇನೋ? ಅಮಾಸಿಗೆ ಈ ಊರಾಗ ಎತ್ತಿನ ಹೆಗಲಿಗೆ ನೊಗ ಇಡಂಗಿಲ್ಲ, ಹತ್ತಿಬೀಜ ಬಿಡಿಸೋ ಜಿನ್ನಿನ ಗಿರಣಿ ತೆರೆಯಂಗಿಲ್ಲ. ನೀ ಕೇಳಿದ್ದು ಸೂರ್ಯನ ಸದ್ದಲ್ಲೋ, ಜಿನ್ನಿನ ಮೋಟರು ಕಿಡಿ ಹಾರಿಸಿದಾಗ ತಂತಿಗೆ ಬಡಿಯೋ ಸದ್ದು!"

ನಗಬ್ಯಾಡ್ರಿ. ಇಲ್ಲ, ನಗ್ರಿ — ನಗಬೇಕಾದ್ದೇ. ನಮ್ಮ ಮನೆಯಲ್ಲೂ ಅಮಾವಾಸ್ಯೆ ಮಾಡ್ತೀವಿ. ಜಿನ್ನಿನ ಬಾಗಿಲು ಹಾಕಿದ್ದನ್ನು ನೋಡಿಕೊಂಡೇ ಸೈಕಲ್ ತುಳಿದು ಸಂಸ್ಥೆಗೆ ಬರ್ತಿದ್ದೆವು. ಬಂದು ಕೂತು ಚಂದ್ರನ ಲೆಕ್ಕ ಹಾಕ್ತಿದ್ದೆವು!

ಒಂದು ದಿನ ಭೀಮಲಿಂಗಪ್ಪನವರೇ ಜಿನ್ನಿಗೆ ಹೋದರು. ಅಲ್ಲಿನ ಮೇಸ್ತ್ರಿ ಸುಂಕಪ್ಪ — ಅಗೋ, ಬಾಗಿಲ ಹತ್ತಿರ ನಿಂತಾರಲ್ಲ — "ನೀವು ಚಾ ಕುಡಿಯೋ ತನಕ ನಿಲ್ಲಿಸ್ತೀನಿ ಸಾರ್" ಅಂದರು. ಅಲ್ಲಿ ಮೋಟರು ನಿಂತಿತು. ಇಲ್ಲಿ ನಮ್ಮ ಯಂತ್ರದಲ್ಲಿ — ಸದ್ದು ನಿಂತಿತು. ಆಮೇಲೆ ಮತ್ತೆ ಶುರುವಾಯಿತು. ನಾವೆಲ್ಲ ಕಿವಿಯಾರೆ ಕೇಳಿದೆವು. ಅವರು ಬೆವರು ಸುರಿಸಿಕೊಂಡು ಬಂದು, "ನಿಂತಿತಿಲ್ಲೋ?" ಅಂದರು. ನಿರ್ದೇಶಕರು "ಕಾಕತಾಳೀಯ" ಅಂದರು. ನಾವು ತಲೆ ಆಡಿಸಿದೆವು. ಆ ಪ್ರಬಂಧದ ಹೆಸರಿನ ಮೇಲೇ ಹೊಸ ಕಟ್ಟಡಕ್ಕೆ ಸರ್ಕಾರದ ಮಂಜೂರಾತಿ ಬಂದಿತ್ತು ನೋಡ್ರಿ.

ಮರುದಿನದಿಂದ ಅವರನ್ನು ಯಂತ್ರದ ಹತ್ತಿರ ಬಿಡಲಿಲ್ಲ. ಪುಸ್ತಕದ ಕೋಣೆಗೆ ಹಾಕಿದರು. ಅಮಾವಾಸ್ಯೆ ಬಂದರೆ ಕಿಟಕಿಯಿಂದ ಕೂಗೋರು — "ಚಂದ್ರ ಬಂದನೇನ್ರಪ್ಪಾ?" ನಾವು ಮುಖ ತಿರುಗಿಸಿಕೊಂಡು ಹೋಗ್ತಿದ್ದೆವು. ಕೊನೆಕೊನೆಗೆ ಅವರು ಕೂಗೋದನ್ನೂ ಬಿಟ್ಟರು.

ಈಗ ಸಾಧನೆ ಕೇಳ್ರಿ. ನಮ್ಮ ಪ್ರಬಂಧ ನಂಬಿ ಪರದೇಶದ ಒಬ್ಬ ವಿದ್ವಾಂಸ ಹೊಸದಾಗಿ ತಂತಿ ಕಟ್ಟಿ ಅಮಾವಾಸ್ಯೆ ಕಾಯ್ದ. ಸೂರ್ಯನ ಸದ್ದು ನಿಲ್ಲಲೇ ಇಲ್ಲ. ತನ್ನ ಯಂತ್ರವೇ ಕೆಟ್ಟಿದೆ ಅಂತ ತಿಳಿದು ಬಿಚ್ಚಿ ಹಾಕಿದ, ಪಾಪ. ಕಾಲೇಜಿನಲ್ಲಿ ಹುಡುಗರಿಗೂ ಅದನ್ನೇ ಪಾಠ ಹೇಳ್ತಾರ. ನಮ್ಮ ಸಂಸ್ಥೆಯ ಹೆಸರು ಎಲ್ಲೆಲ್ಲಿ ಹೋಗೈತೋ ಅಲ್ಲೆಲ್ಲ ಈ ಸುಳ್ಳೂ ಹೋಗೈತಿ. ನಾಚಿಕೆ ಆಗ್ತೈತಿ ನನಗ. ಅವರು ಬದುಕಿದ್ದಾಗ ಆಗಬೇಕಿತ್ತು ಈ ನಾಚಿಕೆ.

ನಿರ್ದೇಶಕರು ನನ್ನ ಕಡೆ ನೋಡಾಕ ಹತ್ಯಾರ. ಗೊತ್ತೈತಿ. ಸಭೆಗೆ ಮುಂಚೆ "ಆ ವಿಷಯ ಎತ್ತಬ್ಯಾಡ" ಅಂದಿದ್ದರು. ಸಾಹೇಬರೇ, ಎತ್ತಿಬಿಟ್ಟೀನಿ. ಶಂಕರಮ್ಮನವರೇ, ಕೇಳ್ರಿ — ಭೀಮಲಿಂಗಪ್ಪನವರು ಹೇಳಿದ್ದು ಖರೆ. ನಮ್ಮ ಪ್ರಬಂಧ ತಪ್ಪು. ಅದರ ಮೇಲೆ ನನ್ನ ಹೆಸರೂ ಐತಿ. ಅದು ತಪ್ಪು ಅಂತ ಅದೇ ಪತ್ರಿಕೆಗೆ ನಾನೇ ತಿಳಿಸ್ತೀನಿ.

ಈಗ ಎಲ್ಲರೂ ದಯವಿಟ್ಟು ಎದ್ದು, ಅವರನ್ನು ನೆನೆದು ಎರಡು ನಿಮಿಷ ಮೌನವಾಗಿ ನಿಲ್ಲಬೇಕು —

ಸಾಹೇಬರೇ, ನಾಳೆ ನನ್ನನ್ನು ಮನೆಗೆ ಕಳಿಸಿದರೂ ಸೈ. ಈಗ ಮಾತ್ರ ನೀವೂ ಏಳ್ರಿ.